ಚಾಕಣದ ಪೋಲೋ, ಚೆಟ್ಟಿಪಾಳಯದ ಟ್ರ್ಯಾಕ್

ನಾನು ಮೂಲತಃ ಧಾರವಾಡದವನು. ಕೆಲಸದ ನಿಮಿತ್ತ ಪುಣೆಯ ವಾಕಡ್‌ನಲ್ಲಿ ನೆಲೆಸಿದ್ದೇನೆ. 2019ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ನನ್ನ ನಿತ್ಯದ ವಾಹನ. ಇಲ್ಲೇ ಪಕ್ಕದ ಚಾಕಣದ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿಗೆ 1,197 ಸಿಸಿಯ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಮತ್ತು ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಪೆಟ್ಟಿಗೆ) ಇವೆ. ವಾರದಲ್ಲಿ ಐದು ದಿನ ಹಿಂಜವಡಿಯ ದಟ್ಟಣೆಯಲ್ಲಿ ತೆವಳುವ ಇದೇ ಕಾರನ್ನು ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಬಳಿಯ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿಗೆ ಒಯ್ಯಬೇಕು, ದಿನವಿಡೀ ಓಡಿಸಬೇಕು, ಮತ್ತೆ ಅದರಲ್ಲೇ ಕುಳಿತು ಮನೆಗೆ ಮರಳಬೇಕು ಎಂಬುದು ನನಗೆ ನಾನೇ ಹಾಕಿಕೊಂಡ ಷರತ್ತು. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಸೇಲಂ ಮಾರ್ಗವಾಗಿ ಒಂದು ಕಡೆಗೇ ಸುಮಾರು 1,200 ಕಿಲೋಮೀಟರ್ ಆಗುವುದರಿಂದ, ಟ್ರ್ಯಾಕಿನಲ್ಲಿ ಕೆಟ್ಟರೆ ನೋಡಿಕೊಂಡರಾಯಿತು ಎನ್ನುವ ಸಲುಗೆ ಇಲ್ಲಿ ಇರಲಿಲ್ಲ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ: ಎಂಜಿನ್ನಿಗೆ ಕೈಹಾಕಿದೆ. ಟರ್ಬೊ ಎಂಜಿನ್ನಿನಲ್ಲಿ ಒಂದು ಬೋಲ್ಟನ್ನೂ ಬಿಚ್ಚದೆ, ಇಸಿಯುವಿನ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ, ಲೆಕ್ಕಾಚಾರವನ್ನು ಬದಲಿಸಿ (ಇದೇ ರಿಮ್ಯಾಪ್) ಟರ್ಬೊ ತುಂಬುವ ಗಾಳಿಯ ಒತ್ತಡ ಏರಿಸಿದರೆ ಶಕ್ತಿ ಸಿಕ್ಕಿಬಿಡುತ್ತದೆ. ಆ ಆಮಿಷ ಸಣ್ಣದಲ್ಲ. ಆದರೆ ಈ ಡಿಎಸ್‌ಜಿ ಒಣ ಕ್ಲಚ್‌ಗಳ ಡಿಕ್ಯೂ200 ಪೆಟ್ಟಿಗೆಯಾಗಿದ್ದು, ಅದರ ವಿನ್ಯಾಸದ ಮಿತಿ 250 ನ್ಯೂಟನ್ ಮೀಟರ್. ಆದ್ದರಿಂದ ಟಾರ್ಕ್ ಆ ಮಿತಿಯಿಂದ ಸಾಕಷ್ಟು ಕೆಳಗೇ ನಿಲ್ಲಬೇಕೆಂದು ರಿಮ್ಯಾಪ್ ಮಾಡುವವರಿಗೆ ಮೊದಲೇ ಹೇಳಿದ್ದೆ. ಹೆದ್ದಾರಿಯಲ್ಲಿ ಲಾರಿಗಳನ್ನು ದಾಟುವಾಗ ಸಿಕ್ಕ ಸುಖದಲ್ಲಿ ಒಂದು ತಿಂಗಳು ತೇಲಾಡಿದೆ.

ಆ ಅಮಲು ಇಳಿದದ್ದು ಕರಿ ಟ್ರ್ಯಾಕಿನಲ್ಲಿ, ಮೊದಲ ಸೆಷನ್ನಿನ ನಾಲ್ಕನೆಯ ಸುತ್ತಿನಲ್ಲಿ. ಸುಮಾರು 2.1 ಕಿಲೋಮೀಟರ್ ಉದ್ದದ ಈ ಟ್ರ್ಯಾಕಿನಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಮತ್ತೊಂದು ಎದುರಾಗುತ್ತದೆ, ಬ್ರೇಕಿಗೆ ತಣಿಯಲು ಬಿಡುವೇ ಇಲ್ಲ. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗಾಗಿ ನೆಲದತ್ತ ಇಳಿಯಿತು; ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಕಾರು ಹೇಗೋ ವೇಗ ಕಳೆದುಕೊಂಡಿತು. ಎದೆಬಡಿತ ಹತೋಟಿಗೆ ಬರಲು ಪಿಟ್‌ನಲ್ಲಿ ಕಾಲು ಗಂಟೆ ಕೂರಬೇಕಾಯಿತು.

ಪುಣೆಗೆ ಮರಳಿದ ಮೇಲೆ ನನ್ನ ಮೆಕ್ಯಾನಿಕ್ ಬ್ರೇಕ್ ಆಯಿಲ್ ಹೊರತೆಗೆದು ಗಾಜಿನ ಲೋಟದಲ್ಲಿ ತೋರಿಸಿದ. ಆತ ಸಾಂಗಲಿ ಜಿಲ್ಲೆಯ ಜತ್ತ ಕಡೆಯ ಕನ್ನಡಿಗ. "ಇದು ಕುದ್ದೈತ್ರಿ ಸಾಹೇಬ್ರ, ಬಣ್ಣ ನೋಡ್ರಿ. ಯಾವಾಗ ಬದಲಿ ಮಾಡಿಸಿದ್ರಿ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಕಾರು ಕೊಂಡಾಗಿನಿಂದ ಅದನ್ನು ಬದಲಿಸಿಯೇ ಇರಲಿಲ್ಲ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ದ್ರವ ಗಾಳಿಯಲ್ಲಿನ ತೇವವನ್ನು ಹೀರಿ, ನೀರಿನ ಪಾಲು 3.7 ಪ್ರತಿಶತಕ್ಕೆ ಏರಿದಾಗ ಆ ಮಿತಿ 155 ಡಿಗ್ರಿಗೆ ಕುಸಿಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಸೆರಗಿನ ಮಳೆಗಾಲವನ್ನು ಮೂರು ಸಲ ಕಂಡ ದ್ರವದಿಂದ ನಾನು ಏನನ್ನು ತಾನೇ ನಿರೀಕ್ಷಿಸಬಹುದಿತ್ತು? ಪೆಡಲ್ ಕೆಳಗಿಳಿದರೆ ದ್ರವ ಕುದಿದಿದೆ ಎಂದೂ, ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಬ್ರೇಕ್ ಪ್ಯಾಡು (ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ) ಸೋತಿದೆ ಎಂದೂ ಅಂದು ಆತನಿಂದ ಕಲಿತೆ. ಇವೆರಡರ ಮದ್ದು ಬೇರೆ ಬೇರೆ.

ಅಂದಿನಿಂದ ಪ್ರತಿ ಟ್ರ್ಯಾಕ್ ಪ್ರವಾಸಕ್ಕೆ ಮುನ್ನ ಡಾಟ್ 5.1 ದ್ರವ ಹೊಸದಾಗಿ ತುಂಬಿಸುತ್ತೇನೆ. ರಬ್ಬರ್ ಹೋಸ್‌ಗಳ ಬದಲು ಸ್ಟೀಲ್ ಹೆಣಿಗೆಯ ಹೋಸ್‌ಗಳು ಬಂದಿವೆ. ಮುಂದಿನ ಡಿಸ್ಕ್‌ಗಳಿಗೆ ಎರಡು ಜೊತೆ ಪ್ಯಾಡ್ ಇಟ್ಟುಕೊಂಡಿದ್ದೇನೆ. ಟ್ರ್ಯಾಕಿನ ಪ್ಯಾಡು ಬಿಸಿಯಾಗುವ ತನಕ ಸರಿಯಾಗಿ ಹಿಡಿಯುವುದಿಲ್ಲ ಮತ್ತು ಸಿಗ್ನಲಿನಲ್ಲಿ ಪಕ್ಕದ ರಿಕ್ಷಾದವರು ತಿರುಗಿ ನೋಡುವಷ್ಟು ಕಿರುಚುತ್ತದೆ. ಆದ್ದರಿಂದ ಅದನ್ನು ಟ್ರ್ಯಾಕಿನಲ್ಲೇ ಹಾಕಿ, ಅಲ್ಲೇ ತೆಗೆಯುತ್ತೇನೆ. ಹಿಂದಿನ ಡ್ರಮ್ ಬ್ರೇಕುಗಳನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುವ ಮುಂಚಕ್ರ ಚಾಲನೆಯ ಇಂಥ ಹಗುರ ಕಾರಿನಲ್ಲಿ ಹಿಂದೆ ಡಿಸ್ಕ್ ಕೂಡಿಸುವುದು ನೋಟಕ್ಕೆ ಮಾಡುವ ಖರ್ಚು ಎಂಬುದು ನನ್ನ ಅಭಿಪ್ರಾಯ. ಇಷ್ಟೆಲ್ಲ ಸೇರಿಯೂ ರಿಮ್ಯಾಪಿಗೆ ಕೊಟ್ಟ ಹಣದಷ್ಟು ಆಗಲಿಲ್ಲ.

ಟೈರಿನ ವಿಷಯ ಸರಳ. ಮೂಲ 185/60 ಆರ್15 ಬದಲು ಅದೇ ರಿಮ್ಮಿಗೆ ಒಳ್ಳೆಯ ಹಿಡಿತದ 195/55 ಆರ್15 ಹಾಕಿಸಿದೆ. ಹೊರವ್ಯಾಸದಲ್ಲಿ ಒಂದು ಪ್ರತಿಶತದಷ್ಟು ಮಾತ್ರ ವ್ಯತ್ಯಾಸ. ಟ್ರ್ಯಾಕಿನಲ್ಲಿ ಬೆಳಿಗ್ಗೆ 28 ಪಿಎಸ್‌ಐಗೆ ಇಳಿಸಿದರೆ ಮೂರು ಸುತ್ತಿನಲ್ಲಿ ಅದು ತಾನಾಗಿ 34ಕ್ಕೆ ಏರುತ್ತದೆ.

ಸಸ್ಪೆನ್ಷನ್ನಿನಲ್ಲಿ ಕೈಸುಟ್ಟುಕೊಂಡೆ. ಹುರುಪಿನಲ್ಲಿ ಕಾರನ್ನು 40 ಮಿಲಿಮೀಟರ್ ತಗ್ಗಿಸಿದ್ದಕ್ಕೆ ನಮ್ಮ ಸೊಸೈಟಿಯ ಗೇಟಿನ ಹಂಪ್ ದಿನಕ್ಕೆರಡು ಬಾರಿ ಬಂಪರ್ ಕೆರೆದು ಶಿಕ್ಷೆ ವಿಧಿಸತೊಡಗಿತು. ಹಿಂದೆ ಕುಳಿತ ಅಮ್ಮ ಒಂದು ದಿನ, "ಎತ್ತಿನ ಗಾಡಿನೇ ವಾಸಿ ಆಗಿತ್ತೋ ತಮ್ಮಾ" ಎಂದಳು. ಈಗ 20 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಗಟ್ಟಿ ಶಾಕ್ ಅಬ್ಸಾರ್ಬರ್‌ಗಳಿವೆ. ತಿರುವಿನಲ್ಲಿ ಕಾರು ಇನ್ನೂ ಸ್ವಲ್ಪ ವಾಲುತ್ತದೆ, ವಾಲಲಿ.

ಇನ್ನು ಶಾಖ. ಒಬಿಡಿ ಪೋರ್ಟಿಗೆ (ಎಂಜಿನ್ನಿನ ಅಂಕಿಗಳನ್ನು ಓದುವ ಕಿಂಡಿಗೆ) ಸಾಧನ ಸಿಕ್ಕಿಸಿ ಪ್ರತಿ ಸುತ್ತಿನ ಅಂಕಿಗಳನ್ನು ದಾಖಲಿಸಿದಾಗ, ಮೊದಲ ಸುತ್ತಿನಲ್ಲಿ 45 ಡಿಗ್ರಿಯ ಆಸುಪಾಸಿನಲ್ಲಿದ್ದ ಒಳಸೇರುವ ಗಾಳಿಯ ಉಷ್ಣತೆ ಐದನೆಯ ಸುತ್ತಿಗೆ 70ರ ಹತ್ತಿರ ಹೋಗಿತ್ತು, ಮತ್ತು ನಾಕ್ (ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವುದು) ಆಗದಂತೆ ಇಸಿಯು ಕಿಡಿ ಹಾರುವ ಸಮಯವನ್ನು ಹಿಂದಕ್ಕೆ ಎಳೆಯುತ್ತಿತ್ತು. ಎಂದರೆ, ಹಣ ಕೊಟ್ಟು ಪಡೆದ ಹೆಚ್ಚುವರಿ ಶಕ್ತಿಯನ್ನು ಅದೇ ಇಸಿಯು ಮರಳಿ ಕಸಿದುಕೊಳ್ಳುತ್ತಿತ್ತು. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಈ ಎಂಜಿನ್ನಿನಲ್ಲಿ ಬಂಪರಿನ ಹಿಂದಿಲ್ಲ. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿದ್ದು ಕೂಲಂಟ್ ದ್ರವದಿಂದ ತಣಿಯುತ್ತದೆ, ಹಾಗಾಗಿ ದೊಡ್ಡದೊಂದನ್ನು ತಂದು ಮುಂದೆ ನೇತುಹಾಕುವುದು ಸುಲಭವಲ್ಲ. ನಾನು ಓಡಿಸುವ ಕ್ರಮವನ್ನೇ ಬದಲಿಸಿದೆ: ಎರಡು ಸುತ್ತು ಜೋರು, ಒಂದು ಸುತ್ತು ನಿಧಾನ. ಪೆಟ್ರೋಲ್ 95 ಆಕ್ಟೇನಿನದು. ಆಗ ಸಾಮಾನ್ಯವಾಗಿದ್ದ 91ಕ್ಕೆ ಹೋಲಿಸಿದರೆ ಕಿಡಿಯ ಸಮಯ ಹಿಂದೆ ಸರಿಯುವುದು ದಾಖಲೆಯಲ್ಲಿ ಸ್ಪಷ್ಟವಾಗಿ ಕಡಿಮೆಯಾಯಿತು. ಎಂಜಿನ್ ಆಯಿಲನ್ನು 15,000ದ ಬದಲು 7,500 ಕಿಲೋಮೀಟರಿಗೇ ಬದಲಿಸುತ್ತೇನೆ. ಸೆಷನ್ನಿನ ಕೊನೆಯ ಸುತ್ತನ್ನು ಮೆಲ್ಲಗೆ ಮುಗಿಸಿ ಟರ್ಬೊ ತಣಿಸುತ್ತೇನೆ, ಬ್ರೇಕು ಬಿಸಿಯಾಗಿರುವುದರಿಂದ ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಸೈಲೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸದ ಅವಕಾಶವಿದೆ. ರಿಮ್ಯಾಪನ್ನು ವಿಮಾ ಕಂಪನಿಗೆ ಬರೆದು ತಿಳಿಸಿದ್ದೇನೆ. ಸಾಮಾನ್ಯ ಪಾಲಿಸಿ ರೇಸನ್ನೂ ವೇಗಪರೀಕ್ಷೆಯನ್ನೂ ಹೊರಗಿಡುವುದರಿಂದ ಟ್ರ್ಯಾಕಿನಲ್ಲಾದ ಹಾನಿ ನನ್ನ ಜೇಬಿನದೇ.

ಬ್ರೇಕು, ಟೈರು, ಸಸ್ಪೆನ್ಷನ್ ಸರಿಪಡಿಸಿಕೊಂಡು ಹೋದ ಪ್ರವಾಸದಲ್ಲಿ ಕುತೂಹಲಕ್ಕೆ ಕಾರನ್ನು ಮೂಲ ಇಸಿಯು ಮ್ಯಾಪಿಗೇ ಮರಳಿಸಿ ಓಡಿಸಿದೆ. ರಿಮ್ಯಾಪ್ ಮಾತ್ರ ಇದ್ದ ಮೊದಲ ಪ್ರವಾಸಕ್ಕಿಂತ ಸುತ್ತಿನ ಸಮಯ ಎರಡೂವರೆ ಸೆಕೆಂಡು ಕಡಿಮೆ ಬಂತು. ನಿಧಾನದ ತಿರುವುಗಳಿಂದ ಹೊರಬರುವಾಗ ಒಳಗಿನ ಮುಂಚಕ್ರ ಸುಮ್ಮನೆ ತಿರುಗಿ ವ್ಯರ್ಥ ಮಾಡುತ್ತಿದ್ದ ಟಾರ್ಕ್ ಈ ಸಲ ನೆಲಕ್ಕೆ ತಾಗುತ್ತಿತ್ತು. ಆ ಸಂಜೆ ರಸ್ತೆಯ ಪ್ಯಾಡುಗಳನ್ನು ಕೂಡಿಸಿ, ಚಕ್ರದ ಬೋಲ್ಟ್‌ಗಳನ್ನು 120 ನ್ಯೂಟನ್ ಮೀಟರಿಗೆ ಬಿಗಿದು, ಗಾಳಿ ಮರಳಿ 33ಕ್ಕೆ ತುಂಬಿ ಸೇಲಂ ದಾರಿ ಹಿಡಿದೆ. ರಿಮ್ಯಾಪನ್ನು ಮತ್ತೆ ಹಾಕಿಸಿದ್ದು ಎರಡು ತಿಂಗಳ ನಂತರ, ಖಂಬಾಟಕಿ ಘಾಟಿನಲ್ಲಿ ಕಬ್ಬಿನ ಲಾರಿಯೊಂದರ ಹಿಂದೆ ಬಹಳ ಹೊತ್ತು ಸಿಕ್ಕಿಕೊಂಡ ಮೇಲೆ.