ಮೂವತ್ತು ಜಿಲ್ಲೆ, ಎಲ್ಲದರಲ್ಲೂ ಹಾಸನ

ಜಿಲ್ಲೆವಾರು ಮಳೆ ಲೆಕ್ಕ ಬರೆದಿಡಲು 2019ರಲ್ಲಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಆಗ ಕರ್ನಾಟಕದಲ್ಲಿ 30 ಜಿಲ್ಲೆ. ಒಂದೊಂದಕ್ಕೂ ಒಂದು ಆಬ್ಜೆಕ್ಟ್ (ಮಾಹಿತಿಯ ಒಂದು ಕಟ್ಟು) ಬೇಕು, ಅದರಲ್ಲಿ ಹೆಸರು ಮತ್ತು 12 ತಿಂಗಳ ಮಳೆ. ಮೊದಲು ಜಿ1, ಜಿ2, ಜಿ3 ಅಂತ ವೇರಿಯಬಲ್‌ಗಳನ್ನು ಕೈಯಲ್ಲೇ ಬರೆಯುತ್ತಾ ಹೋದೆ. ಒಂಬತ್ತರ ಹೊತ್ತಿಗೆ ಸಾಕಾಯಿತು. ಬರೆಯೋದೇನೋ ಬರೆಯಬಹುದು. ಆದರೆ ಒಟ್ಟು ಮಳೆ ಕೂಡಿಸುವಾಗ ಮತ್ತೆ ಮೂವತ್ತನ್ನೂ ಬರೆಯಬೇಕು, ಅಲ್ವಾ?

ಹಾಗಾಗಿ ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಒಂದು ಲಿಸ್ಟಿಗೆ ಹಾಕಿದೆ. ಉಡುಪಿ ಮೊದಲು, ಹಾಸನ ಕೊನೆಗೆ. ಪ್ರತಿ ಹೆಸರಿಗೂ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಫಾರ್ ಲೂಪ್ ಓಡಿಸಿ, ಆಬ್ಜೆಕ್ಟ್‌ಗಳನ್ನು ಇನ್ನೊಂದು ಲಿಸ್ಟಿಗೆ ಒಂದೊಂದಾಗಿ ಸೇರಿಸಿದೆ. ಪ್ರಿಂಟ್ ಮಾಡಿದರೆ ಹಾಸನ, ಹಾಸನ, ಹಾಸನ. ಮೂವತ್ತು ಸಲ.

ಆಬ್ಜೆಕ್ಟ್ ಹುಟ್ಟಿಸುವ ಸಾಲು ಲೂಪಿನ ಹೊರಗೆ, ಮೇಲಿತ್ತು. ಒಳಗೆ ಆ ಒಂದೇ ಆಬ್ಜೆಕ್ಟಿನ ಹೆಸರು ಬದಲಾಗುತ್ತಿತ್ತು, ಅಷ್ಟೇ. ಲಿಸ್ಟ್ ಆಬ್ಜೆಕ್ಟಿನ ನಕಲು ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಅನ್ನೋದನ್ನಷ್ಟೇ ಇಟ್ಟುಕೊಳ್ಳುತ್ತದೆ. ಆಬ್ಜೆಕ್ಟಿನ ಗುರುತಿನ ಸಂಖ್ಯೆ ಹೇಳುವ ಐಡಿ ಫಂಕ್ಷನ್ ಹಾಕಿ ನೋಡಿದೆ, ಮೂವತ್ತಕ್ಕೂ ಒಂದೇ ಸಂಖ್ಯೆ. ಆ ಸಾಲನ್ನು ಲೂಪಿನ ಒಳಗೆ ತಂದೆ, ಸರಿಹೋಯಿತು. ಜಿಲ್ಲೆ ಹುಡುಕೋದು ಸುಲಭವಾಗಲಿ ಅಂತ ಆಮೇಲೆ ಆಬ್ಜೆಕ್ಟುಗಳ ಲಿಸ್ಟ್ ಬಿಟ್ಟು ಡಿಕ್ಷನರಿ ಮಾಡಿಕೊಂಡೆ, ಹೆಸರೇ ಕೀ: ಹೆಸರು ಕೊಟ್ಟರೆ ಆ ಜಿಲ್ಲೆಯ ಆಬ್ಜೆಕ್ಟ್ ಸಿಗುತ್ತದೆ.

ಜಾಸ್ತಿ ಕಾಡಿದ್ದು ಒಂದೊಂದು ಜಿಲ್ಲೆಯನ್ನು ತೆರೆಯುವ ಬಟನ್‌ಗಳು. ಪೈಥಾನಿನಲ್ಲಿ ಕಿಟಕಿ, ಬಟನ್ ಮಾಡಿಕೊಡುವ ಟಿಕಿಂಟರ್‌ನಲ್ಲಿ ಅವನ್ನೂ ಲೂಪಿನಲ್ಲೇ ಮಾಡಿದೆ. ಬಟನ್ ಮೇಲಿನ ಹೆಸರುಗಳೆಲ್ಲ ಸರಿಯಾಗೇ ಬಂದವು. ಕೊಡಗು ಒತ್ತಿದರೆ ಹಾಸನ ತೆರೆಯಿತು. ಬೀದರ್ ಒತ್ತಿದರೂ ಹಾಸನ! ಐಡಿಗಳು ಈ ಸಲ ಬೇರೆ ಬೇರೆಯೇ ಇದ್ದವು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.

ಬಟನ್‌ಗೆ ಕೊಟ್ಟ ಲ್ಯಾಮ್ಡಾ (ಒತ್ತಿದಾಗ ನಡೆಯುವ, ಹೆಸರಿಲ್ಲದ ಪುಟ್ಟ ಫಂಕ್ಷನ್), "ಜಿಲ್ಲೆ" ಅನ್ನೋ ವೇರಿಯಬಲ್‌ನಲ್ಲಿ ಏನಿದೆ ಅಂತ ತಾನು ಹುಟ್ಟುವಾಗ ನೋಡುವುದಿಲ್ಲ. ನಾವು ಒತ್ತಿದಾಗ ನೋಡುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು, ಅದರಲ್ಲಿ ಉಳಿದಿರೋದು ಹಾಸನ. ಲ್ಯಾಮ್ಡಾ ಪಕ್ಕದಲ್ಲೇ "ಜಿಲ್ಲೆ=ಜಿಲ್ಲೆ" ಅಂತ ಡಿಫಾಲ್ಟ್ ಆರ್ಗ್ಯುಮೆಂಟ್ (ಬೇರೇನೂ ಕೊಡದಿದ್ದರೆ ಬಳಸುವ ಬೆಲೆ) ಸೇರಿಸಿದೆ. ಡಿಫಾಲ್ಟ್ ಬೆಲೆ ಆ ಸಾಲು ಓಡಿದ ಕ್ಷಣವೇ ನಿಗದಿಯಾಗುತ್ತದೆ. ಕೊಡಗು ಒತ್ತಿದೆ, ಕೊಡಗೇ ಬಂತು. (ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ನನಗದು ತುಂಬಾ ಇಷ್ಟ.)

2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೆಸರಿನ ಲಿಸ್ಟಿನಲ್ಲಿ ವಿಜಯಪುರಕ್ಕಿಂತ ಮುಂಚೆ ಒಂದೇ ಒಂದು ಪದ ಸೇರಿಸಿದೆ. ಹೊಸ ಆಬ್ಜೆಕ್ಟು, ಹೊಸ ಬಟನ್ನು, ಸೊನ್ನೆ ಮಳೆಯೊಂದಿಗೆ ಶುರುವಾಗುವ 12 ತಿಂಗಳು, ಎಲ್ಲ ತಾವಾಗೇ ಬಂದವು.