ವಿಯೋಲಾಗೆ ಕಾಲು ಹಾಕಿ ಸೆಲ್ಲೊ ಕಲಿಸಿದ ನನ್ನ ಅನುಭವ

ನಾಲ್ಕು ವರ್ಷದ ಮಗುವಿಗೆ ಸೆಲ್ಲೊ (ಮೊಣಕಾಲಿನ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ಯಾಕೆ, ಏಳು ತುಂಬಲಿ ಬಿಡಿ. ಸಿಂಗಪುರದಲ್ಲಿ ನನ್ನ ಜೊತೆ ಪಾಠ ಮಾಡುವವರೆಲ್ಲ ಇದನ್ನೇ ಹೇಳುತ್ತಿದ್ದರು. ನಾನು ಕೊಡುತ್ತಿದ್ದ ಉತ್ತರ ಸೆಲ್ಲೊ ವಾದಕ ಜಿಯಾನ್ ವಾಂಗ್. 1968ರಲ್ಲಿ ಚೀನಾದ ಶಿಯಾನ್‌ನಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೇ ಅಪ್ಪನ ಹತ್ತಿರ ಪಾಠ ಶುರು ಮಾಡಿದವರು. 1979ರಲ್ಲಿ ಪಿಟೀಲು ವಾದಕ ಐಸಾಕ್ ಸ್ಟರ್ನ್ ಚೀನಾಕ್ಕೆ ಹೋದಾಗ ತೆಗೆದ ಸಾಕ್ಷ್ಯಚಿತ್ರದಲ್ಲಿ ಆ ಪುಟ್ಟ ಹುಡುಗ ನುಡಿಸುವುದನ್ನು ನೋಡಿದವರು ವಯಸ್ಸಿನ ಮಾತು ಎತ್ತುವುದಿಲ್ಲ. ಆಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಲ್ಡೊ ಪ್ಯಾರಿಸೊ ಎಂಬ ಸೆಲ್ಲೊ ಗುರುವಿನ ಹತ್ತಿರ ಕಲಿತು, ಲೋಕವೆಲ್ಲ ಕಛೇರಿ ಮಾಡಿದರು.

ನನ್ನ ತೊಂದರೆ ವಾದ್ಯದ್ದು. ತೀರಾ ಚಿಕ್ಕ ಮಕ್ಕಳಿಗೆಂದು ಮಾಡುವ 1/16 ಅಳತೆಯ ಸೆಲ್ಲೊಗೆ ಆಗ ಸುಮಾರು 700 ಡಾಲರ್ ಕೇಳುತ್ತಿದ್ದರು. ಮಗು ವರ್ಷದಲ್ಲಿ ಬೆಳೆದುಬಿಡುತ್ತೆ. ಮೇಲಾಗಿ ಅದರ ಸಿ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ್ದು, ಜೋತುಬಿದ್ದ ಹಾಗೆ, ಸ್ವರವೇ ಹುಟ್ಟುವುದಿಲ್ಲ. ಅದಕ್ಕೇ 200 ಡಾಲರಿನ ಫ್ಯಾಕ್ಟರಿ ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ, ಭುಜದ ಮೇಲಿಟ್ಟು ನುಡಿಸುವ ವಾದ್ಯ) ತಂದು, ಸೆಲ್ಲೊಗೆ ಇರುವ ಹಾಗೆ ನೆಲಕ್ಕೆ ಊರುವ ಕಾಲು, ಅಂದರೆ ಎಂಡ್‌ಪಿನ್, ಹಾಕಿಸಲು ಹೊರಟೆ. ತಂತಿಗಳು ಅವೇ ಸಿ, ಜಿ, ಡಿ, ಎ, ಒಂದು ಸ್ಥಾಯಿ ಮೇಲೆ ಅಷ್ಟೇ.

ವಾದ್ಯ ರಿಪೇರಿ ಮಾಡುವ ಒಬ್ಬರು ಕೈಯಲ್ಲೂ ಮುಟ್ಟಲಿಲ್ಲ. ಇನ್ನೊಬ್ಬರು 80 ಡಾಲರ್ ತಗೊಂಡು ವಿಯೋಲಾದ ತಳದ ತೂತು ದೊಡ್ಡದು ಮಾಡಿ ಪಿನ್ ಕೂರಿಸಿದರು. ವಾರದೊಳಗೆ ಸಡಿಲವಾಯ್ತು. ಮತ್ತೆ ದುಡ್ಡು. ಪಿನ್ ಗಟ್ಟಿಯಾದ ಮೇಲೆ ಬೇರೆ ತಲೆನೋವು. ವಿಯೋಲಾದ ಪಕ್ಕೆ ಬರೀ ನಾಲ್ಕು ಸೆಂ.ಮೀ. ಅಗಲ, ಮಗುವಿನ ಮೊಣಕಾಲಿನ ನಡುವೆ ನಿಲ್ಲದೆ ತಿರುಗಿಬಿಡುತ್ತೆ. ಹಿಂಬದಿಗೆ ಸ್ಪಂಜು ಕಟ್ಟಿದೆ, ಸದ್ದು ಸತ್ತುಹೋಯ್ತು. ಕೊನೆಗೆ ಎರಡು ಪಕ್ಕೆಗೆ ಮಾತ್ರ ಪಟ್ಟಿ ಅಂಟಿಸಿದಾಗ ನಿಂತಿತು. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಎತ್ತರಿಸದಿದ್ದರೆ ಬೋ (ಕಮಾನು) ವಾದ್ಯದ ಸೊಂಟದ ಅಂಚಿಗೆ ತಗಲುತ್ತೆ. ಎಷ್ಟು ಎತ್ತರ, ಯಾವ ಬಾಗು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಕೆಡಿಸಿದ ಬ್ರಿಡ್ಜ್‌ಗಳು ಜಾಸ್ತಿ.

ಯಾರೂ ಎಣಿಸದ ಲಾಭ ಒಂದು ಸಿಕ್ಕಿತು. ವಿಯೋಲಾದ ಡಿ ಮತ್ತು ಎ ತಂತಿ ಮಗುವಿನ ಕಂಠಕ್ಕೆ ಸರಿಯಾಗಿ ಕೂರುತ್ತೆ. ಮೊದಲು ಹಾಡು, ಆಮೇಲೆ ಬೆರಳು. ಸೆಲ್ಲೊದಲ್ಲಿ ಇದೇ ತಂತಿಗಳು ಮಗುವಿನ ದನಿಗಿಂತ ಒಂದು ಸ್ಥಾಯಿ ಕೆಳಗೆ, ಕೂಡಿ ಹಾಡಿಸುವುದು ಕಷ್ಟ.

ಕನ್ನಡದ ಮನೆಗಳ ಮಕ್ಕಳ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಡಿ ತಂತಿಯನ್ನು ಷಡ್ಜ ಮಾಡಿ ಸರಳೆ ವರಸೆ ಹೇಳಿಕೊಟ್ಟೆ. ಮಾಯಾಮಾಳವಗೌಳ ರಾಗದಲ್ಲಿ ಶುದ್ಧ ರಿಷಭಕ್ಕೆ ಮೊದಲ ಬೆರಳು ಹಿಂದಕ್ಕೆ ಚಾಚಬೇಕು, ಪುಟ್ಟ ಕೈಗೆ ಆಗಲಿಲ್ಲ. ಅದಕ್ಕೇ ಶಂಕರಾಭರಣ ರಾಗ ಹಿಡಿದೆ. ಡಿ ತಂತಿಯಲ್ಲಿ ಸರಿಗಮ, ಎ ತಂತಿಯಲ್ಲಿ ಪದನಿಸ, ಎರಡಕ್ಕೂ ಅವೇ ಬೆರಳು. ಮೊದಲ ವರ್ಷ ಇಷ್ಟೇ ಸಾಕು.

ಮೊದಲ ತಂಡದ ಮಕ್ಕಳು ಈಗ ಕಾಲು (1/4) ಅಳತೆಯ ಸೆಲ್ಲೊಗೆ ಬಂದಿದ್ದಾರೆ. ಬೆರಳು ಅಗಲಿಸುವುದಕ್ಕೆ ಕೆಲವು ವಾರ ಹಿಡಿಯಿತು, ಶ್ರುತಿ ಮಾತ್ರ ಮೊದಲ ದಿನದಿಂದ ನೆಟ್ಟಗೆ. ಬೇಡ ಅಂದಿದ್ದ ಇಬ್ಬರು ಮೇಷ್ಟ್ರು ಪಿನ್ ಅಳತೆ ಕೇಳಿಕೊಂಡು ಹೋಗಿದ್ದಾರೆ.

ಇಷ್ಟು ಚಿಕ್ಕವರಿಗೆ ಪಾಠ ಹಿಡಿದರೆ ನಿಮ್ಮ ಕಛೇರಿ ಗತಿಯೇನು ಅಂತಾರೆ. ಶಾಂಘೈನಲ್ಲಿ ಹುಟ್ಟಿ, ಹದಿಮೂರಕ್ಕೆ ಆಸ್ಟ್ರೇಲಿಯಾ ಸೇರಿ, 1998ರ ಚೈಕೋವ್‌ಸ್ಕಿ ಸಂಗೀತ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಸೆಲ್ಲೊ ವಾದಕ ಲೀ-ವೇ ಚಿನ್ ನಮ್ಮೂರಿನ ಯೋಂಗ್ ಸ್ಯೂ ತೋ ಸಂಗೀತ ಕನ್ಸರ್ವೇಟರಿಯಲ್ಲೇ ಪಾಠ ಮಾಡುತ್ತಾರೆ, ಲೋಕ ಸುತ್ತಿ ನುಡಿಸುತ್ತಲೂ ಇದ್ದಾರೆ. ನಾನೂ ಬೆಳಗ್ಗೆ ನನ್ನ ಬಾಖ್, ಮಧ್ಯಾಹ್ನ ಮಕ್ಕಳು ಅಂತ ಇಟ್ಟುಕೊಂಡಿದ್ದೇನೆ. ಸದ್ಯ ವಿಯೋಲಾಗೆ ದಪ್ಪನೆಯ ಸಿ ತಂತಿ ಹಾಕಿ ನೋಡುತ್ತಿದ್ದೇನೆ, ಬ್ರಿಡ್ಜ್ ಸ್ವಲ್ಪ ವಾಲುತ್ತಿದೆ.