ಸೋತು ಬಂದ ಮೇಲಿನ ಎಂಟು ತಿಂಗಳು: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡ ಏನು ಮಾಡಬೇಕು

ನಮ್ಮ ಕಡೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ಅಂದರೆ ನಾಲ್ಕು ದಿನ. ಯೂನಿವರ್ಸಿಟಿಯ ಅಂತರ ಕಾಲೇಜು ಟೂರ್ನಿಗೆ ಬಸ್ ಹತ್ತೋದು, ನಾಕೌಟಲ್ಲಿ ಒಂದೆರಡು ಗೆಲ್ಲೋದು, ಸೆಮಿಫೈನಲ್ ಹೊತ್ತಿಗೆ ಸೋತು ಬಾಳೆಹಣ್ಣು ತಿಂದುಕೊಂಡು ವಾಪಸ್ ಬರೋದು. ಒಬ್ಬಿಬ್ಬರು ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದರೆ ಅವರಿಗೆ ದಕ್ಷಿಣ ವಲಯದ ಟೂರ್ನಿ ಸಿಗುತ್ತೆ, ಉಳಿದವರಿಗೆ ಅಲ್ಲಿಗೇ ಮಂಗಳ. ಅಮೆರಿಕದ ಕಾಲೇಜು ತಂಡಗಳು ನವೆಂಬರಿನಿಂದ ಮಾರ್ಚ್‌ವರೆಗೆ 30ರ ಆಸುಪಾಸು ಪಂದ್ಯ ಆಡ್ತವೆ. ಅವರಿಗೆ ಆಫ್‌ಸೀಸನ್ ಅಂದರೆ ಬಿಡುವು. ನಮಗೆ ಆಫ್‌ಸೀಸನ್ನೇ ವರ್ಷ.

ನಾನು ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ದೈಹಿಕ ಶಿಕ್ಷಣ ನಿರ್ದೇಶಕಿ. ಹುಡುಗಿಯರ ಬಾಯಲ್ಲಿ ಪಿ.ಡಿ. ಮೇಡಂ. ಇರೋದು ಒಂದು ಸಿಮೆಂಟ್ ಕೋರ್ಟ್, ಆರು ಬಾಲು. ಅದರಲ್ಲಿ ಎರಡಕ್ಕೆ ಗಾಳಿ ನಿಲ್ಲಲ್ಲ. ಇಷ್ಟರಲ್ಲೇ ತಂಡ ಕಟ್ಟಬೇಕಾದವರಿಗೆ, ಕೋಚ್ ಇಲ್ಲದೆ ತಾವೇ ನಡೆಸಿಕೊಂಡು ಹೋಗೋ ಕ್ಯಾಪ್ಟನ್‌ಗಳಿಗೆ ಇದನ್ನ ಬರೀತಿದೀನಿ. ಒಳಾಂಗಣ ಕ್ರೀಡಾಂಗಣ, ಮರದ ನೆಲ, ಜಿಮ್ ಇರೋರು ಬೇರೆ ಕಡೆ ನೋಡಿಕೊಳ್ಳಿ.

ಸೋತು ಬಂದ ಮೊದಲ ವಾರ ಬಾಲ್ ಮುಟ್ಟಬೇಡಿ. ಆದರೆ ನೋಟ್‌ಬುಕ್ ತೆಗೀರಿ. ಹಿಂದೊಂದು ಸಲ ಸೆಮಿಫೈನಲ್‌ನಲ್ಲಿ ಮೂರು ಪಾಯಿಂಟಿಗೆ ಸೋತೆವು. ಬಸ್ಸಲ್ಲಿ ಎಲ್ಲರ ಬಾಯಲ್ಲೂ ರೆಫರಿಯದೇ ಮಾತು, ಬಾಲ್ ಹಿಡಿದು ಹೆಜ್ಜೆ ಹೆಚ್ಚಾಯ್ತು ಅಂತ ಕೊನೇ ನಿಮಿಷದಲ್ಲಿ ಆ ಟ್ರಾವೆಲಿಂಗ್ ಕೊಡಬಾರದಿತ್ತು ಅಂತ. ನಾನೂ ಸೇರಿಕೊಂಡು ಬೈದೆ. ಮಾರನೇ ದಿನ ನೋಟ್‌ಬುಕ್ ನೋಡಿದರೆ ಫ್ರೀ ಥ್ರೋ, ಅಂದರೆ ಫೌಲಿಗೆ ಸಿಗೋ ಒಂದು ಪಾಯಿಂಟಿನ ಬಿಡಿ ಶಾಟ್, 19ರಲ್ಲಿ ಬಿದ್ದದ್ದು 7. ಹನ್ನೆರಡು ಸಲ ಯಾರೂ ಅಡ್ಡ ಬರದೆ, ಯಾರೂ ಕೈ ಹಿಡಿಯದೆ, ನಾವೇ ಬಿಟ್ಟಿದ್ವಿ. ಆಮೇಲೆ ರೆಫರಿ ವಿಷಯ ಎತ್ತೋಕೆ ನನಗೇ ನಾಚಿಕೆ ಆಯ್ತು.

ಟೇಬಲ್ ಮೇಲಿನ ಸ್ಕೋರ್‌ಶೀಟಲ್ಲಿ ಬಿದ್ದ ಪಾಯಿಂಟ್, ಫೌಲ್, ಟೈಮ್‌ಔಟ್ ಇರುತ್ತೆ. ಬೀಳದ ಶಾಟ್ ಎಲ್ಲಿಂದ ಹೊಡೆದದ್ದು, ಬಾಲ್ ಹೇಗೆ ಕೈಬಿಟ್ಟಿತು ಅನ್ನೋದು ಇರಲ್ಲ. ಅದಕ್ಕೆ ನಿಮ್ಮದೇ ಲೆಕ್ಕ ಬೇಕು. 200 ಪುಟದ ನೋಟ್‌ಬುಕ್ ತಗೊಳ್ಳಿ, ಪುಟಕ್ಕೊಂದು ಕ್ವಾರ್ಟರ್, ಅಂದರೆ ಪಂದ್ಯದ ಕಾಲು ಭಾಗ. ಮೇಲ್ಗಡೆ ಅರ್ಧ ಕೋರ್ಟಿನ ಚಿತ್ರ. ಬಳೆ ಇಟ್ಟು ಅರ್ಧ ಸುತ್ತು ಗೀಚಿದರೆ ಮೂರು ಪಾಯಿಂಟ್ ಗೆರೆ ಸಿದ್ಧ. ಶಾಟ್ ಎಲ್ಲಿಂದ ಹೊಡೆದಳೋ ಅಲ್ಲಿ ಅವಳ ಜೆರ್ಸಿ ನಂಬರ್ ಬರೆಯೋದು, ಬಿದ್ದರೆ ಸುತ್ತ ಸೊನ್ನೆ, ಬೀಳದಿದ್ದರೆ ಹಾಗೇ ಬಿಡೋದು. ಕೆಳಗೆ ಮೂರು ಕಾಲಂ: ಫ್ರೀ ಥ್ರೋ, ಕಳಕೊಂಡ ಬಾಲ್, ಎದುರಾಳಿಗೆ ಬಿಟ್ಟ ರೀಬೌಂಡ್ (ರಿಂಗಿಗೆ ಬೀಳದೆ ಪುಟಿದು ಬಂದ ಬಾಲ್). ಕಳಕೊಂಡ ಬಾಲಿಗೆ ಒಂದಕ್ಷರದ ಕಾರಣ ಇರಲಿ, 'ಪಾ' ಅಂದರೆ ಪಾಸ್, 'ಡ್ರಿ' ಅಂದರೆ ಡ್ರಿಬಲ್, ಬಾಲ್ ಪುಟಿಸಿಕೊಂಡು ಹೋಗೋದು. ಬರೆಯೋಕೆ ಬೆಂಚ್ ಮೇಲಿರೋ ಆಟಗಾರ್ತಿಯನ್ನ ಕೂರಿಸಬೇಡಿ, ಅವಳ ಜೀವ ಎಲ್ಲಾ ಯಾವಾಗ ಒಳಗೆ ಕರೀತಾರೋ ಅನ್ನೋದರಲ್ಲೇ ಇರುತ್ತೆ. ನಮ್ಮಲ್ಲಿ ಬರೆಯೋಳು ಒಬ್ಬ ಬಿ.ಕಾಂ. ಹುಡುಗಿ. ಬಾಲ್ ಮುಟ್ಟಿದವಳೇ ಅಲ್ಲ, ಆದರೆ ಲೆಡ್ಜರ್ ಬರೆದ ಹಾಗೆ ಬರೀತಾಳೆ, ಒಂದು ಶಾಟ್ ತಪ್ಪಲ್ಲ.

ವಾರ ಕಳೆದ ಮೇಲೆ ಒಬ್ಬೊಬ್ಬರನ್ನೇ ಕರೆದು ಕೂರಿಸಿ. ಒಬ್ಬಳಿಗೆ ಒಂದೇ ಕೆಲಸ ಕೊಡಿ. ಈ ಮಾತು ನನಗೆ ಹೊಳೆಯೋಕೆ ಆರು ವರ್ಷ ಹಿಡೀತು. ಮೊದಲೆಲ್ಲ ಹನ್ನೆರಡು ಅಂಶದ ಕಾರ್ಯಕ್ರಮ ಝೆರಾಕ್ಸ್ ಮಾಡಿಸಿ ಹಂಚ್ತಿದ್ದೆ: ಸ್ಕಿಪ್ಪಿಂಗ್ ಇಷ್ಟು, ಪುಷ್‌ಅಪ್ ಇಷ್ಟು, ಶಾಟ್ ಇಷ್ಟು. ಎರಡನೇ ವಾರಕ್ಕೆ ಆ ಹಾಳೆ ಹಾಸ್ಟೆಲಲ್ಲಿ ಕಡ್ಲೆಪುರಿ ಪೊಟ್ಟಣ ಆಗಿರ್ತಿತ್ತು. ಈಗ ಪೋಸ್ಟ್‌ಕಾರ್ಡಿನಷ್ಟು ರಟ್ಟಿನ ಮೇಲೆ ಒಂದು ಸಾಲು ಬರೆದುಕೊಡ್ತೀನಿ. ಅದನ್ನ ನಾನು ಹೇಳೋಕೆ ಮುಂಚೆ ನೋಟ್‌ಬುಕ್ ಅವಳ ಮುಂದಿಟ್ಟು, ನೀನೇ ನೋಡಮ್ಮ ಅಂತೀನಿ. ಹತ್ತರಲ್ಲಿ ಎಂಟು ಹುಡುಗಿಯರು ಸರಿಯಾದ್ದನ್ನೇ ಬೆರಳಿಟ್ಟು ತೋರಿಸ್ತಾರೆ.

7ನೇ ನಂಬರ್ ನಮ್ಮ ಪಾಯಿಂಟ್ ಗಾರ್ಡ್, ಬಾಲ್ ತಂದು ಆಟ ನಡೆಸೋಳು. ಅವಳ ಶಾಟುಗಳೆಲ್ಲ ಚಿತ್ರದ ಬಲಗಡೆ ಇರುವೆ ಸಾಲು ಕಟ್ಟಿದಂತಿದ್ದವು, ಎಡಗಡೆ ಬಿಳಿ ಹಾಳೆ. ಎದುರು ತಂಡದವರು ಎರಡನೇ ಕ್ವಾರ್ಟರಿಗೇ ಅದನ್ನ ಕಂಡುಕೊಂಡು ಬಲಗಡೆ ಬಾಗಿಲು ಹಾಕಿಬಿಟ್ಟಿದ್ದರು. ಅವಳ ಕಾರ್ಡಲ್ಲಿ ಬರೆದದ್ದು: ಎಡಗೈ ಲೇ-ಅಪ್. ಅಂದರೆ ರಿಂಗಿನ ಹತ್ತಿರ ಓಡಿ ಬಂದು ನೆಗೆದು ಒಂದೇ ಕೈಯಲ್ಲಿ ಬಾಲ್ ಹಾಕೋದು.

ಇದನ್ನ ಕಲಿಸೋವಾಗ ಎಲ್ಲರೂ ಕೈಯಿಂದ ಶುರು ಮಾಡ್ತಾರೆ, ತೊಂದರೆ ಇರೋದು ಕಾಲಲ್ಲಿ. ಎಡಗೈಯಲ್ಲಿ ಹಾಕಬೇಕಾದರೆ ನೆಗೆತ ಬಲಗಾಲಿಂದ. ಬಲಗೈಯವರ ಬಲಗಾಲಿಗೆ ಆ ಅಭ್ಯಾಸವೇ ಇರಲ್ಲ. ಹಾಗಾಗಿ ಮೊದಲ ವಾರ ಬಾಲೇ ಬೇಡ. ರಿಂಗಿನ ಎಡಗಡೆ ನಿಂತು ಬಲಗಾಲು ಊರಿ, ಎಡ ಮೊಣಕಾಲು ಎಡಗೈ ಒಟ್ಟಿಗೆ ಮೇಲೆ. ಮೊಣಕಾಲಿಗೂ ಕೈಗೂ ದಾರ ಕಟ್ಟಿದೆ ಅಂದ್ಕೊ ಅಂತ ಹೇಳ್ತೀನಿ. ಎರಡನೇ ವಾರ ಬಾಲ್ ಕೈಗೆ, ಒಂದೇ ಹೆಜ್ಜೆ, ಬೋರ್ಡಿನ ಚೌಕದ ಮೇಲ್ಮೂಲೆಗೆ ಮೆಲ್ಲಗೆ ತಾಗಿಸೋದು. ಆಮೇಲೆ ಎಡ, ಬಲ, ಎರಡು ಹೆಜ್ಜೆ. ಡ್ರಿಬಲ್ ಸೇರಿಸೋದು ನಾಲ್ಕನೇ ವಾರದಲ್ಲಿ. ಹಾಸ್ಟೆಲಲ್ಲಿ ಎಡಗೈಲೇ ಹಲ್ಲುಜ್ಜು, ಎಡಗೈಲೇ ಬೀಗ ತೆಗಿ ಅಂದೆ. ಊಟ ಮಾತ್ರ ಬಲಗೈಲೇ ಮಾಡಮ್ಮ, ಇಲ್ಲದಿದ್ದರೆ ನಿಮ್ಮಜ್ಜಿ ನನ್ನ ಹುಡುಕಿಕೊಂಡು ಬಂದಾರು ಅಂತಲೂ ಸೇರಿಸಿದೆ.

4ನೇ ನಂಬರಿನದು ಬೇರೆ ಕತೆ. ಕ್ಯಾಪ್ಟನ್, ದೂರದಿಂದ ಹೊಡೆಯೋಳು, ಆದರೆ ಬಾಲ್ ಕಲ್ಲು ಎಸೆದಂಗೆ ಚಪ್ಪಟೆ ಹೋಗುತ್ತೆ. ಚಪ್ಪಟೆ ಯಾಕೆ ಕೆಟ್ಟದ್ದು ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ, ಅಳತೆ ತೋರಿಸಬೇಕು. ರಿಂಗಿನ ಒಳ ಅಗಲ 45 ಸೆಂಟಿಮೀಟರ್. ಹುಡುಗಿಯರು ಆಡೋ 6ನೇ ಸೈಜಿನ ಬಾಲ್ ಅಡ್ಡಳತೆ ಸುಮಾರು 23. ನೇರ ಮೇಲಿಂದ ಬಿದ್ದರೆ ಹೆಚ್ಚುಕಮ್ಮಿ ಎರಡು ಬಾಲಿನ ಜಾಗ. 45 ಡಿಗ್ರಿಯಲ್ಲಿ ಇಳಿದರೆ ಬಾಲಿಗೆ ಕಾಣೋ ಬಾಯಿ 32 ಸೆಂಟಿಮೀಟರಿಗೆ ಕುಗ್ಗುತ್ತೆ. 30 ಡಿಗ್ರಿಯಲ್ಲಿ ಇಳಿದರೆ 22.5, ಅಂದರೆ ಬಾಲಿಗಿಂತಲೂ ಕಮ್ಮಿ. ರಿಂಗಿಗೆ ಬಡಿಯದೆ ಒಳಗೆ ಹೋಗೋ ಮಾತೇ ಇಲ್ಲ. ಒಂದು ಊಟದ ತಟ್ಟೆಯನ್ನ ಕಣ್ಣೆದುರು ನಿಧಾನಕ್ಕೆ ಅಡ್ಡ ಮಲಗಿಸ್ತಾ ಹೋಗಿ, ಗೊತ್ತಾಗುತ್ತೆ. ನಾನು ಇದನ್ನ ಹಾಸ್ಟೆಲ್ ಮೆಸ್ಸಲ್ಲಿ ಮಾಡಿ ತೋರಿಸಿದ್ದು, ತಟ್ಟೆಯಲ್ಲಿದ್ದ ಸಾರು ಚೆಲ್ಲಿತು.

ಅವಳಿಗೆ ಕೊಟ್ಟ ಕೆಲಸ: ರಿಂಗಿನಿಂದ ಎರಡು ಹೆಜ್ಜೆ ದೂರ, ಒಂದೇ ಕೈಯಲ್ಲಿ, ಮೊಣಕೈ ಕಣ್ಣಿನ ಮಟ್ಟಕ್ಕೆ ಬರೋ ತನಕ ಎತ್ತಿ ಬಿಡೋದು. ದಿನಕ್ಕೆ 50. ಹೊಡೆದದ್ದು 50 ಅಲ್ಲ, ಬಿದ್ದದ್ದು 50. ಹತ್ತಿರದಲ್ಲಿ ಬಾಲ್ ಬಲೆಯಷ್ಟನ್ನೇ ತಾಗಿ ಬೀಳೋದು ಅಭ್ಯಾಸ ಆದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ. ಮೊದಲ ತಿಂಗಳು ಶಾಟ್ ಇನ್ನೂ ಕೆಡುತ್ತೆ, ಅದಕ್ಕೆ ಹೆದರಬೇಡಿ. ದೂರದ ಶಾಟಿಗೆ ಹೆಸರಾದ ಅಮೆರಿಕದ ಆಟಗಾರ ಸ್ಟೀಫನ್ ಕರ್ರಿ ಹೈಸ್ಕೂಲಲ್ಲಿದ್ದಾಗ ಬಾಲನ್ನ ಸೊಂಟದ ಹತ್ತಿರದಿಂದ ಬಿಡ್ತಿದ್ದರಂತೆ. ಅವರಪ್ಪ ಡೆಲ್ ಕರ್ರಿ ಒಂದು ಬೇಸಿಗೆಯಿಡೀ ಕೂತು ಅದನ್ನ ತಲೆ ಮೇಲಕ್ಕೆ ತಂದರು. ಆಗ ರಿಂಗಿನ ಹತ್ತಿರ ಬಿಟ್ಟರೆ ಬೇರೆಲ್ಲಿಂದಲೂ ಹೊಡೆಯೋಕಾಗದೆ ಒದ್ದಾಡಿದ್ದನ್ನ ಮಗ ಹೇಳಿಕೊಂಡಿದ್ದಾರೆ. 2008ರಲ್ಲಿ ಡೇವಿಡ್ಸನ್ ಅನ್ನೋ ಸಣ್ಣ ಕಾಲೇಜನ್ನ ಅಮೆರಿಕದ ರಾಷ್ಟ್ರೀಯ ಕಾಲೇಜು ಟೂರ್ನಿಯ ಕಡೇ ಎಂಟು ತಂಡಗಳವರೆಗೆ ಒಯ್ದದ್ದು ಅದೇ ತಿದ್ದಿದ ಶಾಟ್. ಇಂಥ ರಿಪೇರಿಗೆ ಆಫ್‌ಸೀಸನ್ ಬಿಟ್ಟರೆ ಬೇರೆ ಸಮಯವೇ ಇಲ್ಲ. ಟೂರ್ನಿಗೆ ತಿಂಗಳಿದೆ ಅನ್ನುವಾಗ ಶಾಟ್ ತಿದ್ದಿದರೆ ಹಳೇದೂ ಹೋಗುತ್ತೆ, ಹೊಸದೂ ಬರಲ್ಲ.

ಇನ್ನು 11. ಇವಳ ವಿಷಯ ಬರೆಯೋಕೆ ಮನಸ್ಸಿಲ್ಲ, ಆದರೂ ಬರೀಬೇಕು. ತಂಡದಲ್ಲೇ ಎತ್ತರ, ರಿಂಗಿನ ಕೆಳಗೆ ಆಡೋಳು. ಮೂರನೇ ಕ್ವಾರ್ಟರ್ ಬಂತಂದರೆ ಏದುಸಿರು, ಓಡಲ್ಲ, ಡಿಫೆನ್ಸಿಗೆ ವಾಪಸ್ ಬರಲ್ಲ. ಸೋಮಾರಿ ಅಂತ ನಾನೇ ಎಲ್ಲರೆದುರು ಬೈದೆ, ಕೋರ್ಟ್ ಸುತ್ತ ಹೆಚ್ಚಿಗೆ ಹತ್ತು ಸುತ್ತು ಓಡಿಸಿದೆ. ಪಾಪ, ಎದುರಾಡಲಿಲ್ಲ. ಎರಡು ತಿಂಗಳಾದ ಮೇಲೆ ಕಾಲೇಜಲ್ಲಿ ರಕ್ತದಾನ ಶಿಬಿರ ನಡೀತು. ರಕ್ತ ಕೊಡೋಕೆ ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಇವಳ ಬೆರಳು ಚುಚ್ಚಿ ನೋಡಿದ ನರ್ಸ್ ವಾಪಸ್ ಕಳಿಸಿದರು, ಬರೀ 9 ಇತ್ತು. ಹೆಂಗಸರಲ್ಲಿ 12ಕ್ಕಿಂತ ಕಮ್ಮಿ ಅಂದರೇನೇ ರಕ್ತಹೀನತೆ. ನಾನು ಓಡಿಸಿದ್ದು ಅಂಥ ಮೈಯನ್ನ.

ಆ ವರ್ಷ ಅವಳ ಕಾರ್ಡಲ್ಲಿ ಬರೆದದ್ದು ಒಂದೇ ಪದ: ಮಾತ್ರೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆ, ಊಟದ ಜೊತೆ ಕಾಫಿ ಟೀ ಬೇಡ, ಸೊಪ್ಪಿನ ಜೊತೆ ನಿಂಬೆಹಣ್ಣು. ಅಂದಿನಿಂದ ನನ್ನ ಆಫ್‌ಸೀಸನ್ ಶುರುವಾಗೋದು ಎಲ್ಲರ ರಕ್ತಪರೀಕ್ಷೆಯಿಂದ. ಹುಡುಗಿಯರ ತಂಡ ನಡೆಸೋ ಗಂಡಸರು ದಯವಿಟ್ಟು ಇದನ್ನ ಸಂಕೋಚದ ವಿಷಯ ಅಂತ ಬಿಡಬೇಡಿ. ಹೇಳೋಕೆ ಮುಜುಗರ ಆದರೆ ಕಾಲೇಜಿನ ಯಾವುದಾದರೂ ಮೇಡಂ ಕೈಲಿ ಹೇಳಿಸಿ.

ಎಲ್ಲರೂ ಸೇರಿ ಮಾಡೋ ಕೆಲಸ ಎರಡೇ ಇಟ್ಟುಕೊಂಡಿದೀನಿ. ಒಂದು ಫ್ರೀ ಥ್ರೋ. ಒಂದೇ ಕಡೆ ನಿಂತು ಸಾಲಾಗಿ ಐವತ್ತು ಹೊಡೆಯೋದು ಶುದ್ಧ ದಂಡ, ಪಂದ್ಯದಲ್ಲಿ ಯಾರಿಗೂ ಐವತ್ತು ಸಿಗಲ್ಲ. ಸಿಗೋದು ಎರಡು, ಅದೂ ಓಡಿ ಬಿದ್ದು ಎದೆ ಬಡೀತಿರುವಾಗ. ಅದಕ್ಕೇ 28 ಮೀಟರ್ ಕೋರ್ಟಿನ ಆ ತುದಿಗೆ ಈ ತುದಿಗೆ ಎರಡು ಸಲ ಓಡಿ ಬಂದು ಗೆರೆ ಮೇಲೆ ನಿಂತು ಎರಡು ಹೊಡೆಯೋದು. ಉಳಿದವರು ಸುತ್ತ ನಿಂತು ಗಲಾಟೆ ಮಾಡಬಹುದು. ಮತ್ತೆ ಓಟ. ಹೀಗೆ ಹತ್ತು ಜೋಡಿ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ನಡೆದಾಗ ನಮ್ಮವರು ಕಜಾಕಸ್ತಾನವನ್ನ ಸೋಲಿಸಿ ಎ ವಿಭಾಗಕ್ಕೆ ಹತ್ತಿದ್ದು 75-73ರಿಂದ. ಎರಡು ಪಾಯಿಂಟ್, ಅಂದರೆ ಒಂದು ಜೋಡಿ ಫ್ರೀ ಥ್ರೋ. ಹುಡುಗಿಯರು ಆಕಳಿಸಿದಾಗೆಲ್ಲ ಈ ಸ್ಕೋರ್ ಹೇಳ್ತೀನಿ. ಈಗ ನಾನು ಬಾಯಿ ತೆರೆಯೋಕೆ ಮುಂಚೆ ಅವರೇ ಹೇಳಿಬಿಡ್ತಾರೆ.

ಇನ್ನೊಂದು, ನೆಗೆದು ಇಳಿಯೋದು. ಹುಡುಗಿಯರಿಗೆ ಮಂಡಿಯೊಳಗಿನ ಲಿಗಮೆಂಟ್ ಹರಿಯೋ ಅಪಾಯ ಹುಡುಗರಿಗಿಂತ ಜಾಸ್ತಿ, ಸಿಮೆಂಟ್ ನೆಲವಂತೂ ಯಾರಿಗೂ ದಯೆ ತೋರಲ್ಲ. ಒಂದು ಮೆಟ್ಟಿಲ ಮೇಲಿಂದ ಎರಡೂ ಕಾಲಲ್ಲಿ ಕೆಳಗೆ ನೆಗೆದು ಎರಡು ಎಣಿಸೋ ತನಕ ಹಾಗೇ ನಿಲ್ಲೋದು. ಮುಂದಿನಿಂದ ಮೊಬೈಲಲ್ಲಿ ವಿಡಿಯೋ ಮಾಡಿ. ಮಂಡಿಗಳು ಒಂದನ್ನೊಂದು ಮುತ್ತಿಡೋಕೆ ಹೋದರೆ ತಪ್ಪು, ಪಾದದ ನೇರಕ್ಕೇ ಬಾಗಬೇಕು. ಇಳಿದ ಸದ್ದು ಕೇಳಿಸಬಾರದು. ವಾರಕ್ಕೆ ಮೂರು ದಿನ, ಹತ್ತೇ ನಿಮಿಷ.

ವೇಳಾಪಟ್ಟಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪರೀಕ್ಷೆ ಇರೋ ತಿಂಗಳು ಕಾರ್ಡಿನ ಕೆಲಸ ಹದಿನೈದು ನಿಮಿಷ ಸಾಕು. ಏಪ್ರಿಲ್, ಮೇ ಬಿಸಿಲಿಗೆ ಬೆಳಗ್ಗೆ ಆರರಿಂದ ಏಳೂವರೆ, ಅದಾದ ಮೇಲೆ ಸಿಮೆಂಟ್ ದೋಸೆಕಲ್ಲು. ಮಳೆ ಶುರುವಾದರೆ ಕೋರ್ಟಲ್ಲಿ ಪಾಚಿ, ಆಗ ಕಾರಿಡಾರಲ್ಲಿ ಗೋಡೆಗೆ ಪಾಸ್, ಕೂತಲ್ಲೇ ಡ್ರಿಬಲ್. ಕ್ಲಾಸ್ ನಡೆಯೋ ಹೊತ್ತಲ್ಲಿ ಮಾತ್ರ ಬೇಡ, ನಾನು ಒಂದು ಸಲ ಲಿಖಿತ ವಿವರಣೆ ಕೊಡಬೇಕಾಗಿ ಬಂತು.

ರಜೆಯಲ್ಲಿ ಹತ್ತು ಜನ ಒಟ್ಟಿಗೆ ಸಿಗಲ್ಲ, ಅದಕ್ಕೆ ಮೂವರ ಆಟ ಆಡಿಸಿ. ಅರ್ಧ ಕೋರ್ಟ್, ಒಂದೇ ರಿಂಗ್, ಹತ್ತು ನಿಮಿಷ ಅಥವಾ ಮೊದಲು 21 ಮುಟ್ಟಿದವರು ಗೆದ್ದ ಹಾಗೆ. 12 ಸೆಕೆಂಡಿನಲ್ಲಿ ಶಾಟ್ ಹೊಡೀಲೇಬೇಕು. ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲದ ಆಟ ಇದು, ಐವರ ಆಟದಲ್ಲಿ ಮೂಲೆ ಹಿಡಿದು ನಿಲ್ಲೋಳೂ ಇಲ್ಲಿ ಬಾಲ್ ಹಿಡಿಯಲೇಬೇಕು.

ಜುಲೈ ಬಂದರೆ ಹೊಸದೇನೂ ಕಲಿಸಬೇಡಿ, ಪಂದ್ಯ ಹುಡುಕಿ. ಪಾಸಾಗಿ ಹೋದ ಅಕ್ಕಂದಿರು, ಪಿ.ಯು. ಹುಡುಗರು, ಊರಿನ ಕ್ಲಬ್‌ನವರು, ಯಾರು ಸಿಕ್ಕರೂ ಸರಿ. ನೋಟ್‌ಬುಕ್ ಅಲ್ಲೂ ಇರಲಿ. 7ನೇ ನಂಬರ್ ಎಡಗಡೆಯಿಂದ ಮೊದಲ ಸಲ ನುಗ್ಗಿದ್ದು ಅಂಥದ್ದೇ ಒಂದು ಸಂಜೆ, ಹುಡುಗರ ವಿರುದ್ಧ. ಬಲಗಾಲಲ್ಲೇ ನೆಗೆದಳು, ಎಡಗೈಯಲ್ಲೇ ಬಿಟ್ಟಳು. ಬಾಲ್ ಬೋರ್ಡಿನ ಮೇಲಂಚಿಗೆ ಬಡಿದು ಬೇಲಿ ಆಚೆ ಕಬ್ಬಿನ ಗದ್ದೆಗೆ ಬಿತ್ತು. ಹುಡುಗರು ನಕ್ಕರು. ಬಿ.ಕಾಂ. ಹುಡುಗಿ ತಲೆ ಎತ್ತದೆ ಹಾಳೆಯ ಎಡಗಡೆ 7 ಅಂತ ಬರೆದಳು, ಸುತ್ತ ಸೊನ್ನೆ ಇಲ್ಲ. ಆ ಕಡೆ ಅದು ಮೊದಲ ನಂಬರ್.